ಕಾನೂನು ಕೈಬಿಟ್ಟಲ್ಲಿ ಸೇಡು: ಸೊಘೊಮೊನ್ ತೆಹ್ಲಿರಿಯನ್ ಪ್ರಕರಣ

ಪ್ರಭುತ್ವವೊಂದು ತನ್ನದೇ ಪ್ರಜೆಗಳನ್ನು ಲಕ್ಷಗಟ್ಟಲೆ ಸಾವಿಗೆ ದೂಡಿದಾಗ ಆ ಅಪರಾಧವನ್ನು ವಿಚಾರಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯಾವ ದೇಶದ ಕಾನೂನಿನಲ್ಲೂ ಉತ್ತರವಿರಲಿಲ್ಲ. 1921ರ ಮಾರ್ಚ್ 15ರಂದು ಬರ್ಲಿನ್ ನಗರದ ಬೀದಿಯಲ್ಲಿ ಸೊಘೊಮೊನ್ ತೆಹ್ಲಿರಿಯನ್ ಎಂಬ ಆರ್ಮೇನಿಯನ್ ಯುವಕ ಒಟ್ಟೋಮನ್ ಸಾಮ್ರಾಜ್ಯದ ಮಾಜಿ ಪ್ರಧಾನಿ ತಲಾತ್ ಪಾಷಾನನ್ನು ಗುಂಡಿಟ್ಟು ಕೊಂದದ್ದು, ಕೊಂದದ್ದು ತಾನೇ ಎಂದು ಒಪ್ಪಿಕೊಂಡ ಮೇಲೂ ಜರ್ಮನಿಯ ನ್ಯಾಯಾಲಯ ಆತನನ್ನು ಬಿಡುಗಡೆ ಮಾಡಿದ್ದು, ಈ ಉತ್ತರವಿಲ್ಲದ ಸ್ಥಿತಿಯೊಳಗೇ ನಡೆದ ಘಟನೆಗಳು. ಆರ್ಮೇನಿಯನ್ನರು ಆತನನ್ನು ರಾಷ್ಟ್ರವೀರನೆಂದು ಕೊಂಡಾಡುತ್ತಾರೆ. ತುರ್ಕಿಯ ಅಧಿಕೃತ ಇತಿಹಾಸ ಭಯೋತ್ಪಾದಕನೆಂದು ತಳ್ಳಿಹಾಕುತ್ತದೆ. ಎರಡೂ ಕಡೆಯವರು ಸಾಮಾನ್ಯವಾಗಿ ಗಮನಿಸದೆ ಬಿಡುವ ಸಂಗತಿಯೊಂದಿದೆ. ಬರ್ಲಿನ್ ನ್ಯಾಯಾಲಯ ಆತನ ಮೇಲೆ ಕರುಣೆ ತೋರಿತೇ ಹೊರತು ಆತನ ಪ್ರಶ್ನೆಯನ್ನು ಎತ್ತಿಕೊಳ್ಳಲಿಲ್ಲ, ಮತ್ತು ಆ ಕರುಣೆಯನ್ನು ಪಡೆಯಲು ಆತ ತನ್ನ ಬದುಕಿನ ಅತಿ ಮುಖ್ಯ ಸತ್ಯವನ್ನೇ ಬಚ್ಚಿಡಬೇಕಾಯಿತು.

ತೆಹ್ಲಿರಿಯನ್ ಹುಟ್ಟಿದ್ದು 1896ರಲ್ಲಿ, ಇಂದಿನ ಪೂರ್ವ ತುರ್ಕಿಯಲ್ಲಿರುವ ಅಂದಿನ ಎರ್ಜುರುಂ ಪ್ರಾಂತ್ಯದ ಹಳ್ಳಿಯೊಂದರಲ್ಲಿ. ಬೆಳೆದದ್ದು ಎರ್ಜಿಂಜಾನ್ ಪಟ್ಟಣದಲ್ಲಿ. ತಂದೆ ದುಡಿಮೆಗಾಗಿ ಸರ್ಬಿಯಾಕ್ಕೆ ಹೋಗಿದ್ದ. ಮಗನೂ ಮಹಾಯುದ್ಧಕ್ಕೆ ಸ್ವಲ್ಪ ಮೊದಲು ಅಲ್ಲಿಗೇ ಹೋದ. ಜರ್ಮನಿಗೆ ತೆರಳಿ ಎಂಜಿನಿಯರಿಂಗ್ ಓದಬೇಕೆಂಬುದು ಆತನ ಬಯಕೆಯಾಗಿತ್ತು. 1914ರಲ್ಲಿ ಯುದ್ಧ ಶುರುವಾದಾಗ ಆತ ಓದಿನ ಆಸೆ ಬಿಟ್ಟು ಕಾಕಸಸ್ ಪ್ರದೇಶದ ಟಿಫ್ಲಿಸ್ ನಗರಕ್ಕೆ ಹೋಗಿ, ರಷ್ಯಾದ ಸೈನ್ಯದೊಡನೆ ಸೇರಿ ಹೋರಾಡುತ್ತಿದ್ದ ಆರ್ಮೇನಿಯನ್ ಸ್ವಯಂಸೇವಕ ದಳಕ್ಕೆ ಸೇರಿಕೊಂಡ. ಆ ದಳದ ನಾಯಕ ಆಂದ್ರಾನಿಕ್, ಒಟ್ಟೋಮನ್ ಸೈನ್ಯದ ವಿರುದ್ಧ ದಶಕಗಳ ಕಾಲ ಗೆರಿಲ್ಲಾ ಕಾಳಗ ನಡೆಸಿ ಹೆಸರಾಗಿದ್ದವನು. ಹೀಗೆ ತೆಹ್ಲಿರಿಯನ್ ಮೊದಲಿಗೆ ಸೈನಿಕ. ತಾನು ಯಾವ ರಾಜ್ಯದ ಪ್ರಜೆಯೋ ಆ ರಾಜ್ಯದ ಶತ್ರುಪಕ್ಷದಲ್ಲಿ ನಿಂತು ಕಾದಾಡಿದ ಸೈನಿಕ.

ಆ ಹೊತ್ತಿಗೆ ಒಟ್ಟೋಮನ್ ಸಾಮ್ರಾಜ್ಯದ ಚುಕ್ಕಾಣಿ 'ಐಕ್ಯ ಮತ್ತು ಪ್ರಗತಿ ಸಮಿತಿ'ಯ ಕೈಯಲ್ಲಿತ್ತು. ಸುಲ್ತಾನನ ನಿರಂಕುಶ ಆಳ್ವಿಕೆಯನ್ನು 1908ರಲ್ಲಿ ಮಣಿಸಿ ಸಂವಿಧಾನವನ್ನು ಮರಳಿ ತಂದ ಈ ಯುವ ತುರ್ಕರ ಪಕ್ಷವನ್ನು ಆರಂಭದಲ್ಲಿ ಆರ್ಮೇನಿಯನ್ನರೂ ಹರ್ಷದಿಂದ ಸ್ವಾಗತಿಸಿದ್ದರು ಎಂಬುದು ಇತಿಹಾಸದ ಕಹಿ ವ್ಯಂಗ್ಯ. ಬಾಲ್ಕನ್ ಯುದ್ಧಗಳ ಸೋಲಿನ ನಂತರ ಪಕ್ಷದ ಅಧಿಕಾರ ಕೆಲವೇ ಮಂದಿಯ ಕೈಸೇರಿತು. ತಲಾತ್ ಒಳಾಡಳಿತ ಸಚಿವನಾದ, ಎನ್ವರ್ ಯುದ್ಧ ಸಚಿವನಾದ, ಜೆಮಾಲ್ ನೌಕಾಪಡೆಯ ಹೊಣೆ ಹೊತ್ತ. 1915ರ ಏಪ್ರಿಲ್ 24ರ ರಾತ್ರಿ ಕಾನ್‌ಸ್ಟಾಂಟಿನೋಪಲ್‌ನ ಆರ್ಮೇನಿಯನ್ ಲೇಖಕರು, ವಕೀಲರು, ಪಾದ್ರಿಗಳು, ರಾಜಕಾರಣಿಗಳನ್ನು ಮನೆಗಳಿಂದ ಎಬ್ಬಿಸಿ ಬಂಧಿಸಲಾಯಿತು. ಮೇ ತಿಂಗಳಲ್ಲಿ ಸ್ಥಳಾಂತರದ ಕಾನೂನು ಬಂತು. ಕಾಗದದ ಮೇಲೆ ಅದು ಯುದ್ಧರಂಗದ ಸಮೀಪದ ಜನರನ್ನು ಬೇರೆಡೆ ನೆಲೆಗೊಳಿಸುವ ಏರ್ಪಾಡು. ನೆಲದ ಮೇಲೆ ಅದು ಗಂಡಸರನ್ನು ಊರ ಹೊರಗೆ ಕೊಂದು, ಹೆಂಗಸರು ಮಕ್ಕಳನ್ನು ಸಿರಿಯಾದ ಮರುಭೂಮಿಯ ಕಡೆಗೆ ನಡೆಸಿಕೊಂಡು ಹೋಗಿ, ಹಸಿವು, ರೋಗ ಮತ್ತು ಕೊಲೆಗಡುಕ ಪಡೆಗಳಿಗೆ ಒಪ್ಪಿಸಿದ ಕಾರ್ಯಾಚರಣೆ. ಸತ್ತವರ ಸಂಖ್ಯೆ ಹತ್ತು ಲಕ್ಷದ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಎಂಬುದು ಬಹುಪಾಲು ಇತಿಹಾಸಕಾರರ ಅಂದಾಜು. ಜೂನ್ ತಿಂಗಳಲ್ಲಿ ಎರ್ಜಿಂಜಾನ್ ಖಾಲಿಯಾಯಿತು. ತೆಹ್ಲಿರಿಯನ್‌ನ ತಾಯಿಯೂ ಮನೆಯ ಇತರರೂ ಸ್ಥಳಾಂತರದ ಸಾಲಿನಲ್ಲಿ ಹೋದವರು ಹಿಂದಿರುಗಲಿಲ್ಲ. ಮರುವರ್ಷ ರಷ್ಯಾದ ಸೈನ್ಯ ಎರ್ಜಿಂಜಾನನ್ನು ವಶಪಡಿಸಿಕೊಂಡ ಮೇಲೆ ಮಗ ಊರಿಗೆ ಬಂದಾಗ ಆತನಿಗೆ ಕಂಡದ್ದು ಬರಿದಾದ ಮನೆ.

ಸೈನಿಕನೊಬ್ಬ ಸೇಡಿಗನಾಗಿ ಬದಲಾದದ್ದಕ್ಕೆ ಈ ನೋವೇ ಕಾರಣ ಎಂದು ಇಲ್ಲಿಗೇ ನಿಲ್ಲಿಸಿಬಿಡುವುದು ಸುಲಭ. ಆದರೆ ಅಂಥ ನೋವನ್ನು ಉಂಡವರು ಲಕ್ಷಾಂತರ ಮಂದಿ, ಪಿಸ್ತೂಲು ಹಿಡಿದವರು ಬೆರಳೆಣಿಕೆಯಷ್ಟು. ನೋವಿನ ಜೊತೆಗೆ ಇನ್ನೊಂದು ಬೇಕಾಗಿತ್ತು, ಅದನ್ನು ಒದಗಿಸಿದ್ದು ಅಂದಿನ ರಾಜ್ಯಗಳ ವಚನಭಂಗ. ಹತ್ಯೆಗಳು ನಡೆಯುತ್ತಿದ್ದಾಗಲೇ, 1915ರ ಮೇ 24ರಂದು, ಬ್ರಿಟನ್, ಫ್ರಾನ್ಸ್ ಮತ್ತು ರಷ್ಯಾ ಜಂಟಿ ಹೇಳಿಕೆ ಹೊರಡಿಸಿ, ಇವು ಮಾನವತೆಯ ವಿರುದ್ಧದ ಅಪರಾಧಗಳೆಂದೂ ಒಟ್ಟೋಮನ್ ಸರ್ಕಾರದ ಸದಸ್ಯರನ್ನು ವೈಯಕ್ತಿಕವಾಗಿ ಹೊಣೆ ಮಾಡುವುದಾಗಿಯೂ ಸಾರಿದ್ದವು. 1918ರ ನವೆಂಬರ್ ಆರಂಭದಲ್ಲಿ ತಲಾತ್, ಎನ್ವರ್, ಜೆಮಾಲ್ ಮತ್ತಿತರರು ಜರ್ಮನ್ ಹಡಗಿನಲ್ಲಿ ರಾತ್ರೋರಾತ್ರಿ ಪರಾರಿಯಾದರು. ಸೋತ ಒಟ್ಟೋಮನ್ ಸರ್ಕಾರವೇ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇನಾ ನ್ಯಾಯಾಲಯಗಳನ್ನು ರಚಿಸಿತು. 1919ರ ಜುಲೈ 5ರಂದು ಆ ನ್ಯಾಯಾಲಯ ತಲಾತ್, ಎನ್ವರ್, ಜೆಮಾಲ್ ಮತ್ತು ಪಕ್ಷದ ಇನ್ನೊಬ್ಬ ನಾಯಕ ಡಾಕ್ಟರ್ ನಾಜಿಮ್ ಅವರಿಗೆ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿತು. ಜರ್ಮನಿ ತಲಾತ್‌ನನ್ನು ಒಪ್ಪಿಸಲಿಲ್ಲ. ಶಿಕ್ಷೆ ಜಾರಿಯಾದದ್ದು ಮೂವರಿಗೆ ಮಾತ್ರ. ಅವರಲ್ಲಿ ಒಬ್ಬನಾದ ಬೊಗಾಜ್ಲಿಯಾನ್‌ನ ಅಧಿಕಾರಿ ಕೆಮಾಲ್‌ನನ್ನು 1919ರ ಏಪ್ರಿಲ್‌ನಲ್ಲಿ ಗಲ್ಲಿಗೇರಿಸಲಾಯಿತು, 1922ರಲ್ಲಿ ಅಂಕಾರಾದ ರಾಷ್ಟ್ರೀಯ ಸಭೆ ಆತನನ್ನು ಹುತಾತ್ಮನೆಂದು ಘೋಷಿಸಿತು.

ಬ್ರಿಟಿಷರ ನಡೆ ಇನ್ನೂ ನಾಚಿಕೆಗೇಡಿನದು. ಅವರು ನೂರಕ್ಕೂ ಹೆಚ್ಚು ಒಟ್ಟೋಮನ್ ಅಧಿಕಾರಿಗಳನ್ನು ಹಿಡಿದು ಮಾಲ್ಟಾ ದ್ವೀಪದಲ್ಲಿ ಇರಿಸಿದರು. ಯಾವ ಕಾನೂನಿನ ಅಡಿ ವಿಚಾರಿಸಬೇಕೆಂಬುದೇ ಇತ್ಯರ್ಥವಾಗದೆ ಕಾಲ ಕಳೆಯಿತು. ಕೊನೆಗೆ 1921ರಲ್ಲಿ, ತುರ್ಕಿಯ ರಾಷ್ಟ್ರೀಯವಾದಿ ನಾಯಕ ಮುಸ್ತಫಾ ಕೆಮಾಲ್‌ನ ಪಡೆಗಳ ವಶದಲ್ಲಿದ್ದ ತಮ್ಮ ಸೈನಿಕರಿಗೆ ಪ್ರತಿಯಾಗಿ ಅವರನ್ನೆಲ್ಲ ಬಿಟ್ಟುಬಿಟ್ಟರು. 1920ರ ಸೆವ್ರ್ ಒಪ್ಪಂದದ 230ನೆಯ ವಿಧಿ ಹತ್ಯೆಯ ಹೊಣೆಗಾರರನ್ನು ಮಿತ್ರರಾಷ್ಟ್ರಗಳಿಗೆ ಒಪ್ಪಿಸಬೇಕೆಂದು ಹೇಳಿತ್ತಾದರೂ ಆ ಒಪ್ಪಂದ ಜಾರಿಗೇ ಬರಲಿಲ್ಲ. ಅದರ ಜಾಗದಲ್ಲಿ 1923ರಲ್ಲಿ ಬಂದ ಲೊಸಾನ್ ಒಪ್ಪಂದ ಸಾರ್ವತ್ರಿಕ ಕ್ಷಮಾದಾನದ ಘೋಷಣೆಯೊಂದಿಗೆ ಕಡತವನ್ನು ಮುಚ್ಚಿತು. ಮಾತು ಕೊಟ್ಟವರಿಗೆ ಆ ಮಾತು ರಾಜಕೀಯವಾಗಿ ಭಾರವಾದ ಕೂಡಲೇ ಅದನ್ನು ಕೆಳಗಿಳಿಸಿದರು, ಅಷ್ಟೆ.

ಕಾನೂನಿನ ದಾರಿ ಹೀಗೆಯೇ ಮುಗಿಯುತ್ತದೆಂದು ಮೊದಲೇ ಊಹಿಸಿದವರು ದಶನಾಕ್ ಎಂದು ಕರೆಯಲಾಗುವ ಆರ್ಮೇನಿಯನ್ ಕ್ರಾಂತಿಕಾರಿ ಒಕ್ಕೂಟದ ಕೆಲವು ನಾಯಕರು. 1919ರಲ್ಲಿ ಯೆರೆವಾನ್‌ನಲ್ಲಿ ಸೇರಿದ ಪಕ್ಷದ ಒಂಬತ್ತನೆಯ ಮಹಾಧಿವೇಶನದ ಕಾಲಕ್ಕೆ, ತಲೆತಪ್ಪಿಸಿಕೊಂಡವರನ್ನು ಹುಡುಕಿ ಕೊಲ್ಲುವ ಗುಪ್ತ ಯೋಜನೆಗೆ ಒಪ್ಪಿಗೆ ದೊರೆಯಿತು. ಗ್ರೀಕರ ಪ್ರತೀಕಾರ ದೇವತೆಯ ಹೆಸರಿನಲ್ಲಿ ಅದು 'ನೆಮೆಸಿಸ್' ಎಂದು ಪ್ರಸಿದ್ಧವಾಯಿತು. ಒಮ್ಮೆ ಒಟ್ಟೋಮನ್ ಸಂಸತ್ತಿನ ಸದಸ್ಯನಾಗಿದ್ದ ಅರ್ಮೆನ್ ಗಾರೊ, ಬರಹಗಾರ ಷಾಹಾನ್ ನಟಾಲಿ ಮತ್ತು ಅಮೆರಿಕದಲ್ಲಿ ಹಣಕಾಸಿನ ಹೊಣೆ ಹೊತ್ತ ಆರೊನ್ ಸಚಕ್ಲಿಯನ್ ಇದರ ಸೂತ್ರಧಾರರು. ತೆಹ್ಲಿರಿಯನ್ ಇವರ ಕಣ್ಣಿಗೆ ಬಿದ್ದದ್ದು ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆತ ಆಗಲೇ ಮಾಡಿದ್ದ ಇನ್ನೊಂದು ಕೊಲೆಯಿಂದ. 1915ರ ಏಪ್ರಿಲ್ ಬಂಧನಗಳಿಗೆ ಹೆಸರುಗಳ ಪಟ್ಟಿ ತಯಾರಿಸಲು ಪೊಲೀಸರಿಗೆ ನೆರವಾದನೆನ್ನಲಾದ ಹರುತ್ಯುನ್ ಮ್ಕರ್ತಿಚಿಯನ್ ಎಂಬ ಆರ್ಮೇನಿಯನ್ ಮಾಹಿತಿದಾರನನ್ನು ಆತ ಕೊಂದಿದ್ದ. ಅಮೆರಿಕದ ಬೋಸ್ಟನ್‌ಗೆ ಕರೆಸಿಕೊಂಡ ಸಂಚಾಲಕರು ಆತನಿಗೆ ಸೂಚನೆಗಳನ್ನು ಕೊಟ್ಟರು. 1920ರ ಡಿಸೆಂಬರ್‌ನಲ್ಲಿ ಆತ ವಿದ್ಯಾರ್ಥಿಯ ಸೋಗಿನಲ್ಲಿ ಬರ್ಲಿನ್ ಸೇರಿದ.

ತಲಾತ್ ಆಗ ಷಾರ್ಲೊಟನ್‌ಬರ್ಗ್ ಬಡಾವಣೆಯ ಹಾರ್ಡನ್‌ಬರ್ಗ್ ಬೀದಿಯ ಮನೆಯೊಂದರಲ್ಲಿ ಸುಳ್ಳು ಹೆಸರಿನಲ್ಲಿ ವಾಸವಾಗಿದ್ದ. ಅದನ್ನು ಪತ್ತೆಮಾಡಿದ ತಂಡ ಎದುರಿನ ಮನೆಯಲ್ಲೇ ತೆಹ್ಲಿರಿಯನ್‌ಗೆ ಬಾಡಿಗೆ ಕೋಣೆ ಹಿಡಿಸಿತು. ಮಾರ್ಚ್ 15ರ ಬೆಳಗ್ಗೆ ತಲಾತ್ ಮನೆಯಿಂದ ಹೊರಬಂದು ನಡೆಯತೊಡಗಿದಾಗ ಯುವಕ ಇಳಿದು ಬಂದು, ರಸ್ತೆ ದಾಟಿ, ಗುರುತು ಖಚಿತಪಡಿಸಿಕೊಂಡು, ಹಿಂದಿನಿಂದ ತಲೆಗೆ ಒಂದೇ ಗುಂಡು ಹಾರಿಸಿದ. ಕೊಂದ ಮೇಲೆ ಓಡಬಾರದು, ಹೆಣದ ಪಕ್ಕದಲ್ಲೇ ನಿಂತು ಪೊಲೀಸರಿಗೆ ಶರಣಾಗಬೇಕು ಎಂಬುದು ನಟಾಲಿಯ ಕಟ್ಟಪ್ಪಣೆಯಾಗಿತ್ತು, ಏಕೆಂದರೆ ಆತನಿಗೆ ಬೇಕಾಗಿದ್ದದ್ದು ಹೆಣಕ್ಕಿಂತ ಹೆಚ್ಚಾಗಿ ಬಹಿರಂಗ ವಿಚಾರಣೆ. ಇಷ್ಟೆಲ್ಲ ಅಣಿಯಾಗಿದ್ದರೂ ಆ ಕ್ಷಣದಲ್ಲಿ ಯುವಕನ ಕಾಲುಗಳು ಅಪ್ಪಣೆಯನ್ನು ಪಾಲಿಸಲಿಲ್ಲ. ಆತ ಪಿಸ್ತೂಲನ್ನು ಬಿಸುಟು ಓಡಿದ. ದಾರಿಹೋಕರು ಬೆನ್ನಟ್ಟಿ ಹಿಡಿದು, ರಕ್ತ ಬರುವಂತೆ ಬಡಿದು ಪೊಲೀಸರಿಗೆ ಒಪ್ಪಿಸಿದರು.

ಜೂನ್ 2 ಮತ್ತು 3ರಂದು ನಡೆದ ವಿಚಾರಣೆಯ ನಡಾವಳಿ ಅದೇ ವರ್ಷ ಜರ್ಮನ್ ಭಾಷೆಯಲ್ಲಿ ಅಚ್ಚಾಯಿತು. ನ್ಯಾಯಾಧೀಶ ಲೆಂಬರ್ಗ್ ಆರೋಪಿಯ ಬಾಲ್ಯದಿಂದಲೇ ಪ್ರಶ್ನೆಗಳನ್ನು ಆರಂಭಿಸಿದ. ದುಭಾಷಿಯ ಮೂಲಕ ತೆಹ್ಲಿರಿಯನ್ ಕೊಟ್ಟ ಉತ್ತರಗಳಲ್ಲಿ ಒಂದು ಭಯಾನಕ ಕಥೆ ರೂಪುಗೊಂಡಿತು: ಎರ್ಜಿಂಜಾನ್‌ನಿಂದ ಹೊರಟ ಸಾಲಿನಲ್ಲಿ ತಾನೂ ಇದ್ದೆನೆಂದೂ, ಕಣ್ಣೆದುರಿಗೇ ತಾಯಿ ಗುಂಡೇಟಿಗೆ ಬಿದ್ದಳೆಂದೂ, ಅಣ್ಣನ ತಲೆಯನ್ನು ಕೊಡಲಿಯಿಂದ ಸೀಳಿದರೆಂದೂ, ಏಟು ತಿಂದ ತಾನು ಹೆಣಗಳ ನಡುವೆ ಎಚ್ಚರಗೊಂಡೆನೆಂದೂ ಆತ ಹೇಳಿದ. ಕೊಲ್ಲುವ ನಿರ್ಧಾರ ಯಾವಾಗ ಮಾಡಿದ್ದೆಂದು ಕೇಳಿದಾಗ, ಘಟನೆಗೆ ಸುಮಾರು ಎರಡು ವಾರ ಮೊದಲು ತಾಯಿಯ ಹೆಣ ಕಣ್ಮುಂದೆ ಎದ್ದು ನಿಂತು, ತಲಾತ್ ಇಲ್ಲಿದ್ದಾನೆಂದು ತಿಳಿದೂ ಸುಮ್ಮನಿರುವ ನೀನು ನನ್ನ ಮಗನಲ್ಲ ಎಂದಿತೆಂದು ಉತ್ತರಿಸಿದ. ತಾನು ಮನುಷ್ಯನನ್ನು ಕೊಂದದ್ದು ನಿಜ, ಆದರೆ ಆತ್ಮಸಾಕ್ಷಿ ನಿರ್ಮಲವಾಗಿರುವುದರಿಂದ ತಪ್ಪಿತಸ್ಥನೆಂದು ಭಾವಿಸುವುದಿಲ್ಲ ಎಂಬುದು ಆತನ ನಿಲುವಾಗಿತ್ತು.

ಹತ್ಯಾಕಾಂಡದ ದಾಖಲೆಗಳನ್ನು ಯುದ್ಧಕಾಲದಲ್ಲೇ ಸಂಗ್ರಹಿಸಿದ್ದ ಪ್ರಾಟೆಸ್ಟೆಂಟ್ ಪಾದ್ರಿ ಯೋಹಾನ್ನೆಸ್ ಲೆಪ್ಸಿಯಸ್, ಏಪ್ರಿಲ್ 24ರಂದು ಬಂಧಿತನಾಗಿ ಬದುಕಿ ಉಳಿದ ಧರ್ಮಗುರು ಗ್ರಿಗೊರಿಸ್ ಬಾಲಕಿಯನ್, ಎರ್ಜುರುಂನಿಂದ ಹೊರಟ ಸಾಲಿನಲ್ಲಿ ಮನೆಮಂದಿಯಲ್ಲಿ ಬಹುಪಾಲನ್ನು ಕಳೆದುಕೊಂಡ ಹೆಂಗಸೊಬ್ಬಳು ಸಾಕ್ಷಿ ನುಡಿದರು. ಒಟ್ಟೋಮನ್ ಸೈನ್ಯದಲ್ಲಿದ್ದ ಜರ್ಮನ್ ಸೇನಾನಿ ಲಿಮಾನ್ ಫಾನ್ ಸಾಂಡರ್ಸ್ ಕೂಡ ಬಂದ. ಆತನ ಸಾಕ್ಷ್ಯದ ತಿರುಳು, ತಪ್ಪೆಲ್ಲ ಕೆಳಗಿನ ಅಧಿಕಾರಿಗಳದು, ಜರ್ಮನ್ ಅಧಿಕಾರಿಗಳದಂತೂ ಖಂಡಿತ ಅಲ್ಲ ಎಂಬುದಾಗಿತ್ತು. ಬಳಿಕ ವೈದ್ಯರ ಸರದಿ. ಆರೋಪಿಗೆ ಆಗಾಗ ಬರುತ್ತಿದ್ದ ಮೂರ್ಛೆ ರೋಗದ ಸ್ವರೂಪವನ್ನು ಕುರಿತು ಐವರು ತಜ್ಞರು ವಾದಿಸಿದರು. ಜರ್ಮನ್ ದಂಡಸಂಹಿತೆಯ 51ನೆಯ ಕಲಮಿನ ಪ್ರಕಾರ ಸ್ವತಂತ್ರ ಇಚ್ಛಾಶಕ್ತಿ ಇಲ್ಲದ ಮನಸ್ಥಿತಿಯಲ್ಲಿ ಮಾಡಿದ ಕೃತ್ಯಕ್ಕೆ ಶಿಕ್ಷೆಯಿಲ್ಲ. ಹನ್ನೆರಡು ಮಂದಿ ಜ್ಯೂರಿಗಳು ಸುಮಾರು ಒಂದು ಗಂಟೆ ಚರ್ಚಿಸಿ, ಉದ್ದೇಶಪೂರ್ವಕವಾಗಿ ಕೊಂದ ಅಪರಾಧಿಯೇ ಎಂಬ ಪ್ರಶ್ನೆಗೆ ಅಲ್ಲ ಎಂದು ಉತ್ತರ ಕೊಟ್ಟರು.

ಸಭಾಂಗಣದಲ್ಲಿ ಕೇಳಿಬಂದ ಆ ಕಥೆಯ ನಡುವಿನ ಕೊಂಡಿ ಸುಳ್ಳಾಗಿತ್ತು. ಆ ಸಾಲಿನಲ್ಲಿ ತೆಹ್ಲಿರಿಯನ್ ಇರಲೇ ಇಲ್ಲ. ಆಗ ಆತ ರಷ್ಯಾದ ಕಡೆಯ ಸ್ವಯಂಸೇವಕ ದಳದಲ್ಲಿದ್ದ. ಪಕ್ಷದ ಯೋಜನೆ, ಕಾವಲು ಕಾದ ತಂಡ, ಬೋಸ್ಟನ್‌ನ ಆದೇಶ, ಕಾನ್‌ಸ್ಟಾಂಟಿನೋಪಲ್‌ನ ಕೊಲೆ, ಇವಾವುವೂ ಹೊರಬರಲಿಲ್ಲ. ಬಹುಕಾಲದ ನಂತರ, 1953ರಲ್ಲಿ ಕೈರೋದಲ್ಲಿ ಆರ್ಮೇನಿಯನ್ ಭಾಷೆಯಲ್ಲಿ ಪ್ರಕಟವಾದ ಆತನ ನೆನಪುಗಳ ಪುಸ್ತಕದಿಂದಲೂ ಮುಂದಿನ ದಶಕಗಳ ಸಂಶೋಧನೆಯಿಂದಲೂ ಈ ಚಿತ್ರ ಪೂರ್ಣವಾಯಿತು. ಹತ್ಯಾಕಾಂಡವನ್ನು ನಿರಾಕರಿಸುವವರು ಈ ಸುಳ್ಳನ್ನೇ ಹಿಡಿದು ಇಡೀ ಸಾಕ್ಷ್ಯವನ್ನು ಅಲ್ಲಗಳೆಯುತ್ತಾರೆ. ಅದು ತರ್ಕವಲ್ಲ; ಒಬ್ಬ ಮಗ ಸ್ಥಳದಲ್ಲಿರಲಿಲ್ಲ ಎಂಬುದರಿಂದ ತಾಯಿ ಸಾಯಲಿಲ್ಲ ಎಂದು ಸಿದ್ಧವಾಗುವುದಿಲ್ಲ, ಆಕೆಯ ಸಾಲಿನಲ್ಲಿದ್ದ ಸಾವಿರಾರು ಜನರ ಸಾವಂತೂ ಆತನ ಹೇಳಿಕೆಯನ್ನು ಅವಲಂಬಿಸಿಯೇ ಇಲ್ಲ. ಆದರೂ ಈ ಸುಳ್ಳು ಏಕೆ ಬೇಕಾಯಿತು ಎಂದು ಕೇಳದೆ ಮುಂದೆ ಹೋಗುವಂತಿಲ್ಲ.

ಉತ್ತರ ನ್ಯಾಯಾಲಯದ ಸ್ವರೂಪದಲ್ಲೇ ಇದೆ. ಜರ್ಮನಿಯ ಮಿತ್ರರಾಜ್ಯದ ವಿರುದ್ಧ ಶತ್ರುಸೈನ್ಯದಲ್ಲಿ ಹೋರಾಡಿದೆ, ನಿರ್ಧರಿಸಿ ಬಂದು, ಹುಡುಕಿ, ಪಕ್ಷದ ಪರವಾಗಿ ಕೊಂದೆ ಎಂದು ಆತ ನಿಜ ಹೇಳಿದ್ದರೆ ಅದು ಪೂರ್ವಯೋಜಿತ ಕೊಲೆ, ಅದಕ್ಕೆ ಶಿಕ್ಷೆ ಮರಣದಂಡನೆ. ಆರ್ಮೇನಿಯನ್ನರು ಬಂಡುಕೋರರಾದ್ದರಿಂದಲೇ ಸ್ಥಳಾಂತರ ಅನಿವಾರ್ಯವಾಯಿತೆಂಬ ಒಟ್ಟೋಮನ್ ಸಮರ್ಥನೆಗೂ ಆ ತಪ್ಪೊಪ್ಪಿಗೆ ಆಹಾರವಾಗುತ್ತಿತ್ತು. ಕೆಲವು ಸಾವಿರ ಸ್ವಯಂಸೇವಕರ ಕಾರಣಕ್ಕೆ ಹೆಂಗಸರು ಮಕ್ಕಳನ್ನು ಮರುಭೂಮಿಗೆ ಅಟ್ಟಿದ್ದು ಹೇಗೆ ನ್ಯಾಯ ಎಂಬ ಮರುಪ್ರಶ್ನೆಯನ್ನು ವಿಚಾರಿಸಲು ಆ ನ್ಯಾಯಾಲಯಕ್ಕೆ ಅಧಿಕಾರವೂ ಇರಲಿಲ್ಲ, ಆಸಕ್ತಿಯೂ ಇರಲಿಲ್ಲ. ಕಾನೂನಿನಲ್ಲಿ ಆತನಿಗೆ ಎರಡೇ ಜಾಗಗಳಿದ್ದವು, ಒಂದು ಕೊಲೆಗಾರನದು, ಇನ್ನೊಂದು ರೋಗಿಯದು. ವಕೀಲರು ಎರಡನೆಯದನ್ನು ಆರಿಸಿಕೊಂಡರು. ಬುದ್ಧಿಪೂರ್ವಕವಾಗಿ ತನ್ನ ಜನಾಂಗದ ಪರವಾಗಿ ಹೊಣೆ ಹೊತ್ತವನು, ತಾಯಿಯ ಹೆಣವನ್ನು ಕಂಡು ಬೆಚ್ಚಿದ ಮೂರ್ಛೆರೋಗಿಯಾಗಿ ಹೊರಗೆ ಬಂದ. ಈ ತೀರ್ಪು ಜರ್ಮನಿಗೂ ಅನುಕೂಲಕರವಾಗಿತ್ತು: ಯುದ್ಧಕಾಲದ ಮಿತ್ರನ ಅಪರಾಧದ ಬಗ್ಗೆ ಬರ್ಲಿನ್ನಿಗೆ ಎಷ್ಟು ತಿಳಿದಿತ್ತು, ತಿಳಿದೂ ಅದು ಎಷ್ಟು ಸುಮ್ಮನಿತ್ತು ಎಂಬ ಮುಜುಗರದ ವಿಚಾರಣೆ ಎರಡು ದಿನದೊಳಗೆ ಮುಗಿದುಹೋಯಿತು.

ತಲಾತ್‌ಗೆ ಆತನ ದೇಶದ ನ್ಯಾಯಾಲಯವೇ ಮರಣದಂಡನೆ ವಿಧಿಸಿದ್ದರಿಂದ ತೆಹ್ಲಿರಿಯನ್ ಬರಿಯ ಶಿಕ್ಷೆಯನ್ನು ಜಾರಿಮಾಡಿದ ಎಂಬ ವಾದವೊಂದಿದೆ. ಭಾವನೆಗೆ ಒಪ್ಪುವಂತಿದ್ದರೂ ಈ ವಾದ ನಿಲ್ಲುವುದಿಲ್ಲ. ಗೈರುಹಾಜರಿಯಲ್ಲಿ ಕೊಟ್ಟ ತೀರ್ಪಿಗೆ ಆರೋಪಿಯ ಉತ್ತರವೇ ದಾಖಲಾಗಿರುವುದಿಲ್ಲ. ತಲಾತ್‌ನನ್ನು ಕಟಕಟೆಯಲ್ಲಿ ನಿಲ್ಲಿಸಿ ಆತನ ತಂತಿ ಆದೇಶಗಳನ್ನು ಒಂದೊಂದಾಗಿ ಮುಂದಿಟ್ಟು ಪ್ರಶ್ನಿಸಿದ್ದರೆ ದೊರೆಯಬಹುದಾಗಿದ್ದ ಸತ್ಯವನ್ನು ಆ ಗುಂಡು ಶಾಶ್ವತವಾಗಿ ಮುಚ್ಚಿಬಿಟ್ಟಿತು. ಕಾನೂನಿನ ಅಪ್ಪಣೆಯೇ ಇಲ್ಲದ ಕೊಲೆಪಟ್ಟಿಗಳಿಗೆ ಎಲ್ಲೆ ಎಳೆಯುವವರು ಯಾರು ಎಂಬ ಪ್ರಶ್ನೆಯೂ ಇದೆ. ನೆಮೆಸಿಸ್‌ನವರು ರೋಮ್‌ನಲ್ಲಿ ಮಾಜಿ ಪ್ರಧಾನಿ ಸಯೀದ್ ಹಲೀಮ್ ಪಾಷಾನನ್ನು 1921ರ ಡಿಸೆಂಬರ್‌ನಲ್ಲಿ, ಬರ್ಲಿನ್‌ನಲ್ಲೇ ಯುವ ತುರ್ಕರ ಪಕ್ಷದ ಬಹಾಉದ್ದೀನ್ ಷಾಕಿರ್ ಮತ್ತು ಜೆಮಾಲ್ ಅಜ್ಮಿ ಅವರನ್ನು 1922ರ ಏಪ್ರಿಲ್‌ನಲ್ಲಿ ಕೊಂದರು. ಗುರಿಯಾಗಿಸಿಕೊಂಡವರನ್ನು ಬಿಟ್ಟು ಬೇರೆಯವರು ಸಾಯದಂತೆ ಅವರು ಎಚ್ಚರವಹಿಸಿದ್ದು ದಿಟ. ಆದರೆ ಆ ಸಂಯಮ ವ್ಯಕ್ತಿಗಳದಾಗಿತ್ತು, ಅದನ್ನು ಮುಂದಿನವರಿಗೆ ಕಟ್ಟುಮಾಡುವ ಯಾವ ನಿಯಮವೂ ಇರಲಿಲ್ಲ. 1973ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹತ್ಯಾಕಾಂಡದಿಂದ ಉಳಿದುಬಂದಿದ್ದ ವೃದ್ಧನೊಬ್ಬ ಇಬ್ಬರು ತುರ್ಕಿ ರಾಜತಾಂತ್ರಿಕರನ್ನು ಊಟಕ್ಕೆ ಕರೆದು ಕೊಂದ. ಆ ಬಳಿಕ ಹುಟ್ಟಿಕೊಂಡ ಗುಪ್ತ ಸಂಘಟನೆಗಳು ಹಲವಾರು ರಾಜತಾಂತ್ರಿಕರನ್ನು ಬಲಿ ತೆಗೆದುಕೊಂಡವು. 1983ರ ಜುಲೈನಲ್ಲಿ ಪ್ಯಾರಿಸ್‌ನ ಓರ್ಲಿ ವಿಮಾನ ನಿಲ್ದಾಣದಲ್ಲಿ ಸಿಡಿದ ಬಾಂಬಿಗೆ ಎಂಟು ಮಂದಿ ಸತ್ತರು. ತಲಾತ್‌ನ ಕಾಲಕ್ಕೆ ಹುಟ್ಟಿಯೂ ಇಲ್ಲದವರನ್ನು ಕೊಲ್ಲುವುದಕ್ಕೂ ತಲಾತ್‌ನನ್ನು ಕೊಲ್ಲುವುದಕ್ಕೂ ನೈತಿಕವಾಗಿ ಅಗಾಧ ಅಂತರವಿದೆ, ಆದರೆ ಈ ಸಂಘಟನೆಗಳವರು ತಮ್ಮನ್ನು ತೆಹ್ಲಿರಿಯನ್ನನ ವಾರಸುದಾರರೆಂದು ಕರೆದುಕೊಳ್ಳುವುದನ್ನು ತಡೆಯಲು ಯಾವ ಬೇಲಿಯೂ ಇರಲಿಲ್ಲ.

ಭಾರತೀಯ ಓದುಗರಿಗೆ ಇಲ್ಲಿ ಉಧಮ್ ಸಿಂಗ್ ನೆನಪಾಗದೆ ಇರಲಾರ. ಜಲಿಯನ್‌ವಾಲಾಬಾಗ್ ಹತ್ಯೆಯ ಕಾಲದಲ್ಲಿ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಮೈಕೇಲ್ ಓಡ್ವಯರ್‌ನನ್ನು ಆತ 1940ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಗುಂಡಿಟ್ಟು ಕೊಂದ; ಅದೇ ವರ್ಷದ ಜುಲೈನಲ್ಲಿ ಆತನನ್ನು ಗಲ್ಲಿಗೇರಿಸಲಾಯಿತು. ಎರಡೂ ಪ್ರಕರಣಗಳಲ್ಲಿ ತೀರ್ಪನ್ನು ಬೇರೆಬೇರೆಯಾಗಿಸಿದ್ದು ಕೊಂದವರ ಉದ್ದೇಶವಲ್ಲ, ಕೊಲೆಯಾದವನು ಆ ನ್ಯಾಯಾಲಯದ ದೇಶಕ್ಕೆ ಏನಾಗಿದ್ದ ಎಂಬುದು. ಬರ್ಲಿನ್ನಿಗೆ ತಲಾತ್ ಬೇಡವಾದ ಅತಿಥಿ. ಲಂಡನ್ನಿಗೆ ಓಡ್ವಯರ್ ತನ್ನವನು.

ತೆಹ್ಲಿರಿಯನ್ ಪ್ರಕರಣದಿಂದ ಫಲವೊಂದು ಹುಟ್ಟಿದ್ದರೆ ಅದು ಪ್ರಶ್ನೆಯ ರೂಪದಲ್ಲಿ. ಪೋಲೆಂಡಿನ ಲ್ವೋವ್ ನಗರದಲ್ಲಿ ಓದುತ್ತಿದ್ದ ರಾಫೆಲ್ ಲೆಮ್ಕಿನ್ ಎಂಬ ಯಹೂದಿ ವಿದ್ಯಾರ್ಥಿ ಇದನ್ನು ಪತ್ರಿಕೆಯಲ್ಲಿ ಓದಿ, ಒಬ್ಬನನ್ನು ಕೊಂದ ತೆಹ್ಲಿರಿಯನ್‌ನನ್ನು ವಿಚಾರಿಸುವ ಕಾನೂನು ಲಕ್ಷಾಂತರ ಜನರನ್ನು ಕೊಲ್ಲಿಸಿದ ತಲಾತ್‌ನನ್ನು ಏಕೆ ವಿಚಾರಿಸಲಿಲ್ಲ ಎಂದು ತನ್ನ ಪ್ರಾಧ್ಯಾಪಕನನ್ನು ಕೇಳಿದ. ಸಾಕಿದ ಕೋಳಿಗಳನ್ನು ಕೊಲ್ಲುವುದು ಒಡೆಯನ ಹಕ್ಕು, ರಾಜ್ಯದ ಸಾರ್ವಭೌಮತ್ವವೂ ಹಾಗೆಯೇ ಎಂಬ ಧಾಟಿಯ ಉತ್ತರ ಬಂತು. ಆ ಉತ್ತರವನ್ನು ಒಪ್ಪದ ಲೆಮ್ಕಿನ್ ಜನಾಂಗಹತ್ಯೆ ಎಂಬ ಅಪರಾಧದ ವ್ಯಾಖ್ಯೆಯನ್ನು 1944ರಲ್ಲಿ ಮುಂದಿಟ್ಟ. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಅದರ ತಡೆ ಮತ್ತು ಶಿಕ್ಷೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಪಿಸ್ತೂಲಿನಿಂದಲೇ ಕಾನೂನು ಬಂತೆಂದು ಇದನ್ನು ಓದಬಾರದು. ಪಿಸ್ತೂಲು ತೋರಿಸಿದ್ದು ಕಾನೂನಿನಲ್ಲಿದ್ದ ಗುಂಡಿಯನ್ನು. ಅದನ್ನು ತುಂಬಲು ಒಬ್ಬ ವಕೀಲನ ಇಡೀ ಬದುಕು ಮತ್ತು ಇನ್ನೊಂದು ಮಹಾಯುದ್ಧದ ಹೆಣಗಳು ಬೇಕಾದವು.

ಬಿಡುಗಡೆಯಾದ ಮೇಲೆ ತೆಹ್ಲಿರಿಯನ್‌ಗೆ ಮರಳಿ ಹೋಗಲು ಊರಿರಲಿಲ್ಲ. ಎರ್ಜಿಂಜಾನ್‌ನಲ್ಲಿ ಆರ್ಮೇನಿಯನ್ ಬದುಕು ಅಳಿದುಹೋಗಿತ್ತು. ಸ್ವತಂತ್ರ ಆರ್ಮೇನಿಯಾ ಗಣರಾಜ್ಯ ಎರಡೂವರೆ ವರ್ಷವಷ್ಟೇ ಬಾಳಿ 1920ರ ಕೊನೆಗೆ ಬೋಲ್ಷೆವಿಕರ ಅಧೀನವಾಗಿ, ದಶನಾಕ್ ಪಕ್ಷದವರಿಗೆ ಅಲ್ಲಿ ಬಾಗಿಲು ಮುಚ್ಚಿತ್ತು. ಆತ ಮದುವೆಯಾಗಿ, ತಂದೆ ಹಿಂದೆ ಬದುಕಿದ್ದ ಸರ್ಬಿಯಾವನ್ನು ಒಳಗೊಂಡ ಯುಗೊಸ್ಲಾವಿಯಾದಲ್ಲಿ ದಶಕಗಳ ಕಾಲ ನೆಲೆಸಿದ. ಸೇಡಿನ ಭಯದಿಂದ ಬೇರೆ ಹೆಸರು ಇಟ್ಟುಕೊಳ್ಳಬೇಕಾಯಿತು. ಎರಡನೆಯ ಮಹಾಯುದ್ಧದ ನಂತರ ಕಮ್ಯುನಿಸ್ಟ್ ಆಳ್ವಿಕೆಯ ಆ ದೇಶವನ್ನೂ ಬಿಟ್ಟು ಕಾಸಾಬ್ಲಾಂಕಾದಲ್ಲಿ ಕೆಲಕಾಲ ಇದ್ದು, ಕೊನೆಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸೇರಿ, 1960ರಲ್ಲಿ ಅಲ್ಲಿ ತೀರಿಕೊಂಡ. ಆರ್ಮೇನಿಯನ್ನರು ಹೆಚ್ಚಾಗಿ ನೆಲೆಸಿರುವ ಫ್ರೆಸ್ನೊ ನಗರದ ಸ್ಮಶಾನದಲ್ಲಿ, ಹಾವನ್ನು ಕೊಲ್ಲುವ ಹದ್ದಿನ ಪ್ರತಿಮೆಯುಳ್ಳ ಎತ್ತರದ ಸ್ಮಾರಕದ ಕೆಳಗೆ ಆತನ ಸಮಾಧಿಯಿದೆ. ಜನಾಂಗದ ಪರವಾಗಿ ಕೊಂದವನೆಂದು ಹೊಗಳಿಸಿಕೊಂಡವನು, ಆ ಹೊಗಳಿಕೆಯನ್ನು ತನ್ನ ಹೆಸರಿನಲ್ಲಿ ಬಹಿರಂಗವಾಗಿ ಪಡೆಯಲಾರದೆ, ವಿಚಾರಣೆಯ ದಿನ ತೊಟ್ಟ ವೇಷವನ್ನು ಬಹುಪಾಲು ಬದುಕಿನುದ್ದಕ್ಕೂ ಕಳಚಲಾರದೆ ಉಳಿದ. ಆತನನ್ನು ವೀರನೆನ್ನುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ.

ಕೊಲೆಯಾದವನಿಗೂ ಸ್ಮಾರಕ ದಕ್ಕಿತು. 1943ರಲ್ಲಿ ನಾಜಿ ಸರ್ಕಾರ ತಲಾತ್‌ನ ಅವಶೇಷಗಳನ್ನು ಬರ್ಲಿನ್ನಿನಿಂದ ತುರ್ಕಿಗೆ ಕಳಿಸಿಕೊಟ್ಟಿತು. ಇಸ್ತಾಂಬುಲ್‌ನ ಸ್ವಾತಂತ್ರ್ಯ ಸ್ಮಾರಕದ ಗುಡ್ಡದಲ್ಲಿ ಸರ್ಕಾರಿ ಗೌರವದೊಂದಿಗೆ ಅವುಗಳನ್ನು ಹೂಳಲಾಯಿತು. ಜರ್ಮನಿಯ ಸಂಸತ್ತು 1915ರ ಹತ್ಯೆಗಳನ್ನು ಜನಾಂಗಹತ್ಯೆಯೆಂದೂ ಅದರಲ್ಲಿ ಜರ್ಮನ್ ಸಾಮ್ರಾಜ್ಯದ ಹೊಣೆಯೂ ಇದೆಯೆಂದೂ ಒಪ್ಪಿದ ನಿರ್ಣಯವನ್ನು ಅಂಗೀಕರಿಸಿದ್ದು 2016ರ ಜೂನ್ 2ರಂದು, ತೆಹ್ಲಿರಿಯನ್ ವಿಚಾರಣೆ ಆರಂಭವಾಗಿ ಸರಿಯಾಗಿ 95 ವರ್ಷಗಳ ಮೇಲೆ. ಆ ನಿರ್ಣಯಕ್ಕೆ ಕಾನೂನಿನ ಬಲವಿಲ್ಲ. 1915ರ ಹತ್ಯೆಗಳಿಗಾಗಿ ಯಾವ ಅಂತರರಾಷ್ಟ್ರೀಯ ನ್ಯಾಯಾಲಯವೂ ಒಬ್ಬನೇ ಒಬ್ಬ ಆರೋಪಿಯನ್ನು ವಿಚಾರಿಸಿಲ್ಲ.